ಗಾದಿ ಚಾಚಾ ಲೋಕಲ್ ಹತ್ತಿದ್ದು

ನಮ್ಮ ಓಣಿಯ ಗಾದಿ ಚಾಚಾ ದೇವರ ಮೇಲೆ ಭಾರ ಹಾಕಿ ಬಸ್ಸು ಹತ್ತಿದ್ದನ್ನು ಇಡೀ ರೋಣ ಊರಿನಲ್ಲಿ ಯಾರೂ ನೋಡಿಲ್ಲ. ಹಾಗಂತ ದೇವರ ಮೇಲೆ ನಂಬಿಕೆ ಇರಲಿಲ್ಲ ಅಂದುಕೊಳ್ಳಬೇಡಿ. ಐದು ಹೊತ್ತೂ ನಮಾಜು ತಪ್ಪಿಸದ ಮನುಷ್ಯ. ಆದರೆ ಕೇಳಿದರೆ, "ಅಲ್ಲಾ ಕಾಯಾವ ಖರೇ. ಆದ್ರ ಸ್ಟೇರಿಂಗ್ ಹಿಡದಾವ ಡ್ರೈವರ್ ಅಲ್ಲೇನವಾ?" ಅನ್ನುತ್ತಿದ್ದರು. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಹೀಗಾಗಿ ಚಾಚಾ ಬಸ್ಸಿನ ಬೋರ್ಡು ನೋಡುವ ಮೊದಲು ಡ್ರೈವರನ್ನು ನೋಡುತ್ತಿದ್ದರು. ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ! ಡ್ರೈವರನ ಕಿಟಕಿಯ ಕೆಳಗೆ ನಿಂತು, ಕನ್ನಡಕ ಸರಿಮಾಡಿಕೊಂಡು, ಕಣ್ಣು ಕೆಂಪಾಗಿವೆಯೇ, ಆಕಳಿಕೆ ಬರುತ್ತಿದೆಯೇ ಎಂದು ತಪಾಸಣೆ. ಆಮೇಲೆ ಸಂದರ್ಶನ.

"ರಾತ್ರಿ ನಿದ್ದಿ ಚಲೋ ಆತೇನ್ರಿ?"

"ಆತು ಚಾಚಾ."

"ಮನ್ಯಾಗ ಜಗಳ-ಗಿಗಳ ಏನಿಲ್ಲಲ್ಲ?"

"ಇತ್ತಂದ್ರ ಇನ್ನೂ ಲಗೂ ಗದಗ ಮುಟ್ಟಸ್ತೀನಿ, ಹತ್ರಿ!"

ಬಸ್ಸಿನ ಮಂದಿಯೆಲ್ಲ ನಕ್ಕರೂ ಚಾಚಾ ನಗುತ್ತಿರಲಿಲ್ಲ. ಮನೆಯಲ್ಲಿ ಜಗಳವಾದರೆ ಡ್ರೈವರ್ ಜೋರು ಹೊಡೆಯುತ್ತಾನೆ ಎಂಬುದು ಅವನ ಬಾಯಿಂದಲೇ ಬಂತಲ್ಲ! ಗಂಭೀರವಾಗಿ ತಲೆಯಾಡಿಸಿ ಮುಂದಿನ ಬಸ್ಸಿಗೆ ಕಾಯುತ್ತಿದ್ದರು.

ಅವರಿಗೆ ಹಿಂದೆ ಯಾವುದೋ ಅಪಘಾತ ಆಗಿರಬೇಕು ಎಂದು ನೀವು ಊಹಿಸುತ್ತಿರಬಹುದು. ಏನೂ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೇ ಅವರ ಅಂಗಡಿ. ಹತ್ತಿ ಹಿಂಜಿ ಗಾದಿ, ತಲೆದಿಂಬು ತುಂಬುವ ಕೆಲಸ. ಗಡ್ಡಕ್ಕೆ ಸದಾ ಹತ್ತಿ ಮೆತ್ತಿಕೊಂಡಿರುತ್ತಿದ್ದುದರಿಂದ ಅವರ ಗಡ್ಡ ಯಾವಾಗ ಬೆಳ್ಳಗಾಯಿತು ಎಂಬುದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಊರಿಗೆಲ್ಲ ನಿದ್ದೆ ಒದಗಿಸುವ ಕಸುಬಿನವರಿಗೆ ಊರವರ ನಿದ್ದೆಯ ಚಿಂತೆ ಇರುವುದರಲ್ಲಿ ತಪ್ಪೇನಿದೆ?

ಒಮ್ಮೆ ಅಬ್ಬಿಗೇರಿಯಲ್ಲಿ ಸಂಬಂಧಿಕರ ಮದುವೆ. ಹೊರಟ ಚಾಚಾ ಒಂದಾದ ಮೇಲೊಂದು ಬಸ್ಸನ್ನು ಫೇಲು ಮಾಡಿದರು. ಒಬ್ಬ ಆಕಳಿಸಿದ, ಇನ್ನೊಬ್ಬನಿಗೆ ನೆಗಡಿ, ಮತ್ತೊಬ್ಬ ಸಿಟ್ಟಿಗೆದ್ದು ಉತ್ತರವನ್ನೇ ಕೊಡಲಿಲ್ಲ. ನಡೆದುಕೊಂಡು ಹೋಗಿದ್ದರೂ ಊಟದ ಹೊತ್ತಿಗೆ ಮುಟ್ಟುತ್ತಿದ್ದರು. ಕೊನೆಗೆ ಮುಟ್ಟಿದಾಗ ಅಡುಗೆಯವರು ಹಂಡೆ ತಿಕ್ಕುತ್ತಿದ್ದರಂತೆ. "ಮದುವಿ ಮುಗಿದು ಹೋತಲ್ಲ ಚಾಚಾ!" ಎಂದರೆ, "ಮದುವಿ ಮುಗದೈತಿ, ನಾ ಇನ್ನೂ ಮುಗದಿಲ್ಲಲ್ಲ" ಅಂದರು.

ಇನ್ನೊಂದು ಸಲ, ಜೋರು ಮಳೆಗಾಲ. ನರಗುಂದ ದಾಟಿ ಕೊಣ್ಣೂರಿಗೆ ಬಂದರೆ ಮಲಪ್ರಭೆಯ ನೀರು ಸೇತುವೆಗೆ ಬಂದು ಮುಟ್ಟಿದೆ. ಡ್ರೈವರಿಗೆ ಅಳುಕು. ಹಿಂದೆ ಕೂತ ಗಂಡಸರೆಲ್ಲ, "ಹೊಡೀರಿ, ಏನೂ ಆಗೂದಿಲ್ಲ" ಎಂದು ಧೈರ್ಯ ಕೊಡುತ್ತಿದ್ದರು. ಚಾಚಾ ಎದ್ದು ಮುಂದೆ ಹೋಗಿ ಮೆಲ್ಲಗೆ ಕೇಳಿದರು.

"ನಿಮಗ ಈಸಾಕ ಬರ್ತೈತೇನ್ರಿ?"

"ಇಲ್ರಿ."

"ನನಗೂ ಬರೂದಿಲ್ಲ. ಇಬ್ಬರೂ ಚಾ ಕುಡಿಯೋಣ ಬರ್ರಿ."

ಡ್ರೈವರ್ ಆ ಮಾತಿಗೇ ಕಾಯುತ್ತಿದ್ದವನಂತೆ ಇಳಿದುಬಿಟ್ಟ. ಧೈರ್ಯ ಕೊಟ್ಟವರೂ ಹಿಂದಿನಿಂದ ಇಳಿದು ಬಂದು ಚಾ ಕುಡಿದರು.

ಇಂಥ ಮನುಷ್ಯ ಒಬ್ಬರೇ ಮುಂಬೈಗೆ ಹೋಗುವ ಪ್ರಸಂಗ ಬಂತು.

ಅವರಿಗೆ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಮದುವೆಯಾಗಿ ಮುಂಬೈಯ ಕುರ್ಲಾಕ್ಕೆ ಹೋಗಿದ್ದಳು. ಅಳಿಯನಿಗೆ ಅಲ್ಲೊಂದು ಬೇಕರಿಯಲ್ಲಿ ಕೆಲಸ. ಆಗ ಅವಳು ಏಳು ತಿಂಗಳ ಬಸಿರಿ, ಚೊಚ್ಚಲು. ತವರಿನವರು ಹೋಗಿ ಕರೆತರಬೇಕು. ಅಳಿಯನಿಗೆ ಊರಿಗೆ ಬಂದು ಹೋಗುವಷ್ಟು ರಜೆ ಇಲ್ಲ, ಚಾಚಿಗೆ ಮೊಣಕಾಲು ನೋವು, ಗಂಡುಮಕ್ಕಳಿಲ್ಲ. "ನಾ ಹೋಗಿ ಕರಕೊಂಡ ಬರ್ಲೇನ್ ಚಾಚಾ?" ಎಂದು ನಾನೂ ಕೇಳಿದೆ. "ಬ್ಯಾಡವಾ. ಬಾಗಲದಾಗ ಯಾರ ಬಂದ್ರು ಅಂತ ಆಕಿ ನೋಡ್ತಾಳ. ನಾನ ಇರಬೇಕು" ಎಂದರು.

ಚಾಚಿ ಕೈಚೀಲದ ಮೇಲೆ ಮಗಳ ಪಕ್ಕದ ಮನೆಯವರ ಫೋನ್ ನಂಬರನ್ನು ಕೆಂಪು ದಾರದಲ್ಲಿ ದೊಡ್ಡದಾಗಿ ಹೊಲಿದು ಕೊಟ್ಟರು. ಕಾಗದದ ಮೇಲೆ ಬರೆದು ಕೊಟ್ಟರೆ ಅದರಲ್ಲಿ ಅಡಿಕೆ ಕಟ್ಟಿಕೊಳ್ಳುವ ಗಂಡ ಅದು.

ಹುಬ್ಬಳ್ಳಿಯಲ್ಲಿ ರೈಲು ಹತ್ತುವ ಮೊದಲು ಚಾಚಾ ಎಂಜಿನ್ ತನಕ ನಡೆದು ಹೋಗಿ ನೋಡಿದರು. ಒಳಗೆ ಡ್ರೈವರ್ ಇಬ್ಬರು! "ಒಬ್ಬಾವ ಕಣ್ಣ ಮುಚ್ಚಿದ್ರ ಇನ್ನೊಬ್ಬಾವ ಇರ್ತಾನ. ಶಾಣ್ಯಾರದಾರವಾ ರೈಲಿನವರು" ಎಂದು ಆ ವ್ಯವಸ್ಥೆಯನ್ನು ಅವರು ಈಗಲೂ ಹೊಗಳುತ್ತಾರೆ. ದಾರಿಯುದ್ದಕ್ಕೂ ಸುಖವಾಗಿ ಮಲಗಿದರು. ಗಡಬಡ ಆಗಿದ್ದು ಬೆಳಿಗ್ಗೆ ದಾದರಿನಲ್ಲಿ ಇಳಿದ ಮೇಲೆ. ಕ್ಷೇಮವಾಗಿ ತಂದು ಮುಟ್ಟಿಸಿದ ಡ್ರೈವರಿಗೆ ಸಲಾಂ ಹೇಳದೆ ಹೋಗುವುದು ಹೇಗೆ? ಚೀಲ ಹೆಗಲಿಗೇರಿಸಿ ಜನರ ನಡುವೆ ಎಂಜಿನ್ ಕಡೆ ನಡೆದರು. ಅತ್ತ ಕರೆದೊಯ್ಯಲು ಬಂದಿದ್ದ ಅಳಿಯ ಡಬ್ಬಿಯ ಬಾಗಿಲಲ್ಲಿ ನಿಂತು ಇಳಿಯುವವರ ಮುಖ ಒಂದೊಂದಾಗಿ ನೋಡಿದ. ಮಾವ ಇಲ್ಲ! ಒಳಗೆ ಹೊಕ್ಕು ಸೀಟಿನ ಕೆಳಗೂ ನೋಡಿದನಂತೆ. ಹಿಂದೆ ಎರಡು ಸಲ ಮಾವನ ಜೊತೆ ಬಸ್ಸಿಗೆ ಕಾದಿದ್ದ ಅನುಭವಸ್ಥ. ಸೀದಾ ಕುರ್ಲಾಕ್ಕೆ ಮರಳಿ, ಬೇಕರಿಗೆ ಹೋಗುವ ಮೊದಲು ಹೆಂಡತಿಗೆ ವರದಿ ಒಪ್ಪಿಸಿದ: "ನಿಮ್ಮಪ್ಪ ಬಂದಿಲ್ಲ. ಹುಬ್ಬಳ್ಳ್ಯಾಗ ಡ್ರೈವರ್ ಪಾಸ್ ಆಗಿಲ್ಲ ಕಾಣ್ತೈತಿ."

ಅವಳು ನಂಬಿದಳು. ಅವರ ಮಗಳಲ್ಲವೇ!

ಇತ್ತ ಚಾಚಾ ಸಲಾಂ ಮುಗಿಸಿ ಬಂದರೆ ಅಳಿಯನೂ ಇಲ್ಲ, ರೈಲೂ ಇಲ್ಲ. ಯಾರನ್ನೋ ಕೇಳಿದರು. ಕುರ್ಲಾಕ್ಕೆ ಲೋಕಲ್ ಹತ್ತಿ ಎಂದು ಪ್ಲಾಟ್‌ಫಾರ್ಮ್ ತೋರಿಸಿದರು. ಟಿಕೆಟ್ಟು ತೆಗೆಸಿದ್ದೂ ಆಯಿತು. ಲೋಕಲ್ ಬಂತು. ಎಲ್ಲರೂ ನುಗ್ಗಿದರು. ಚಾಚಾ ಮಾತ್ರ ಡ್ರೈವರನ್ನು ನೋಡಲು ಮುಂದಿನ ತುದಿಗೆ ಹೊರಟರು. ಮುಂಬೈ ಲೋಕಲ್ ರೋಣದ ಬಸ್ಸಿನಷ್ಟು ಉದ್ದ ಇರುತ್ತದೆಯೇ? ಇವರು ಅರ್ಧ ದಾರಿ ನಡೆಯುವುದರೊಳಗೆ ಅದು ಹೋಗಿಬಿಟ್ಟಿತು. ಅದರ ಹಿಂದಿನದೂ ಹಾಗೇ ಹೋಯಿತು.

ಆಗ ಚಾಚಾ ಒಂದು ಉಪಾಯ ಮಾಡಿದರು. ಮೊದಲೇ ಹೋಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತರು. ಮುಂದಿನ ಲೋಕಲ್ ಬಂದು ಡ್ರೈವರನ ಕಿಟಕಿ ಸರಿಯಾಗಿ ಇವರ ಮುಂದೆಯೇ ನಿಂತಿತು! ಅವರ ಮನೆಮಾತು ಉರ್ದು. ಆದ್ದರಿಂದ ಭಾಷೆಯ ತೊಂದರೆ ಇರಲಿಲ್ಲ.

"ಭಾಯಿ, ರಾತ್ರಿ ನಿದ್ದಿ ಎಷ್ಟ ತಾಸ ಆತು?"

ಒಳಗಿದ್ದಾತ ಯಾರೋ ಹಿರಿಯರು ಹರಸುತ್ತಿದ್ದಾರೆಂದುಕೊಂಡು ನಕ್ಕು ಕೈಯೆತ್ತಿದ. ಚಾಚಾ ಬೆರಳು ಎಣಿಸಿದರು. ಐದೇ ತಾಸು! ಸಾಲುವುದಿಲ್ಲ. ಆ ಗಾಡಿಯನ್ನೂ ಬಿಟ್ಟರು.

ಅದರ ನಂತರ ಬಂದಾತ, "ಭರ್ತಿ ಮಲಗೀನಿ ಚಾಚಾ, ಲಗೂ ಹತ್ರಿ" ಎಂಬರ್ಥದ ಮಾತು ಹೇಳಿ ಹಾರ್ನ್ ಒತ್ತಿದ. ಪಾಸ್! ಚಾಚಾ ಕೈಗೆ ಸಿಕ್ಕ ಬಾಗಿಲಿಗೆ ಜಿಗಿದರು. ಗಾಡಿ ಹೊರಟಿತು. ಒಳಗಿಂದ ಒಂದೇ ಕೂಗು:

"ಲೇಡೀಸ್! ಲೇಡೀಸ್!"

"ಲೇಡೀಸ್ ಯಾರೂ ಇಲ್ರವಾ," ಚಾಚಾ ವಿನಯದಿಂದ ಹೇಳಿದರು, "ನಾ ಒಬ್ಬಾವ ಬಂದೀನಿ."

ಡಬ್ಬಿಯ ಹೆಂಗಸರಲ್ಲಿ ಅರ್ಧದಷ್ಟು ಮಂದಿ ನಕ್ಕರು, ಉಳಿದರ್ಧ ಮಂದಿ ಬೈದರು. ಪೊಲೀಸರನ್ನು ಕರೆಯಿರಿ ಎಂದು ಒಬ್ಬಾಕೆ ಎದ್ದೇ ನಿಂತಳು. ಚಾಚಾ ಸುತ್ತ ನೋಡಿದರು. ಒಬ್ಬ ಗಂಡಸೂ ಇಲ್ಲ. ಆಗ ಗೊತ್ತಾಗಿ, ಬಾಗಿಲ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕಂಬ ಹಿಡಿದು ನಿಂತುಬಿಟ್ಟರು. ಬೈಗುಳಕ್ಕೆ ನಡುನಡುವೆ ಇಷ್ಟೇ ಉತ್ತರ: "ತಪ್ಪಾತ್ರಿ. ಮಗಳನ್ನ ಕರಕೊಂಡ ಹೋಗಾಕ ಬಂದೀನಿ. ಏಳ ತಿಂಗಳಾಗ್ಯಾವ. ಮೊದಲನೇದು."

ಬೈಗುಳ ನಿಂತಿತು.

ದಾದರ್ ಮಾರುಕಟ್ಟೆಯಿಂದ ಬರುತ್ತಿದ್ದ ಮರಾಠಿ ಮುದುಕಿಯೊಬ್ಬಳು ಮೆಂತ್ಯೆಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕೂತಿದ್ದಳು. ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ಚಾಚಾ ಕೂತರು. ಸುಮ್ಮನೆ ಕೂರಲಿಕ್ಕೆ ಬರುವ ಕೈಯೇ ಅದು? ತಾವೂ ಒಂದು ಕಟ್ಟು ಬಿಚ್ಚಿಕೊಂಡು ಸೋಸತೊಡಗಿದರು. ಪೊಲೀಸರನ್ನು ಕರೆಯಬೇಕೆಂದಿದ್ದ ಹೆಂಗಸೇ ಚೀಲದ ಮೇಲಿನ ಕೆಂಪು ನಂಬರ್ ನೋಡಿ ತನ್ನ ಮೊಬೈಲಿನಿಂದ ಫೋನ್ ಹಚ್ಚಿದಳು. "ಮಗಳಿಗೆ ಹೇಳ್ರಿ, ಅಪ್ಪ ಲೋಕಲ್‌ನಾಗ ಬರಾಕತ್ತಾನ" ಎಂದು ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿತು. ಕುರ್ಲಾ ಬರುವುದರೊಳಗೆ ಬಸಿರಿಗೆ ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಎಂದು ಇಡೀ ಡಬ್ಬಿ ಚಾಚಾಗೆ ಪಾಠ ಮಾಡಿತು. ಇಳಿಸುವಾಗ ಮುದುಕಿ ಕೈಯಲ್ಲಿ ಎರಡು ಕಟ್ಟು ಮೆಂತ್ಯೆಪಲ್ಲೆ ಇಟ್ಟಳು.

"ಮುಂಬೈ ಮಂದಿ ಭಾಳ ಚಲೋ ಅದಾರವಾ. ಆದ್ರ ನಿದ್ದಿ ಕಡಿಮಿ" ಎನ್ನುವಲ್ಲಿಗೆ ಚಾಚಾ ಹೇಳುವ ಕತೆ ಮುಗಿಯುತ್ತದೆ. ಎಷ್ಟು ಸಲ ಕೇಳಿದರೂ ಅಲ್ಲಿಗೇ ನಿಲ್ಲಿಸಿ ಹತ್ತಿ ಹಿಂಜಲು ಎದ್ದು ಹೋಗುತ್ತಾರೆ.

ಮುಂದಿನದನ್ನು ನನಗೆ ಹೇಳಿದವಳು ಮಗಳು. ರೋಣದ ಮನೆಯಲ್ಲಿ ಬಾಣಂತಿಯಾಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನು ನಗಬೇಕೆಂದೇ ಕೇಳಿದ್ದೆ.

"ಫೋನ್ ಬಂದಕೂಡ್ಲೆ ಚಪ್ಪಲ್ ಸೈತ ಹಾಕ್ಕೊಳ್ಳಲಿಲ್ಲ ಅಕ್ಕಾ. ಕಾಲು ಬಾತಿದ್ವು, ಚಪ್ಪಲ್ ಹಿಡೀತಿದ್ದಿಲ್ಲ. ಹಂಗ ಸ್ಟೇಷನ್‌ಗೆ ಹೋದೆ. ಬ್ರಿಡ್ಜಿನ ಮೆಟ್ಟಲ ಹತ್ತಾಕತ್ತಿದ್ದೆ, ಮ್ಯಾಲಿಂದ ಅಬ್ಬಾ ಇಳ್ಯಾಕತ್ತಿದ್ರು, ಕೈಯಾಗ ಮೆಂತ್ಯೆಪಲ್ಲೆ. ನನ್ನ ಮಾರಿ ನೋಡಲಿಲ್ಲ, ಕಾಲ ನೋಡಿದ್ರು."

"ಆಮ್ಯಾಲ?"

"ನನ್ನ ಅಲ್ಲೇ ಮೆಟ್ಟಲ ಮ್ಯಾಲ ಕುಂಡರಿಸಿದ್ರು. ತಾವು ಒಂದ ಮೆಟ್ಟಲ ಕೆಳಗ ಕುಂತು, ನನ್ನ ಕಾಲು ತೊಡಿಮ್ಯಾಲ ಇಟಗೊಂಡು, ಧೂಳ ಒರಸಿ ಒತ್ತಾಕ ಹತ್ತಿದ್ರು. ಗಾಡಿ ಬಂದು ನಿಂತಿತ್ತು. ಮಂದಿ ಹೊಳಿ ಬಂದಂಗ ಬರಾಕತ್ತಿತ್ತು. ಅಬ್ಬಾ ಏಳ್ರಿ, ಎಲ್ಲಾರೂ ನೋಡಾಕತ್ತಾರ ಅಂದೆ. ನೋಡ್ಲಿ ಬಿಡು, ಮಗಳ ಕಾಲ ಐತಿ ಅಂದ್ರು."

ಕೂಸು ನಿದ್ದೆ ಹೋಗಿತ್ತು. ಅದನ್ನು ಗಾದಿಯ ಮೇಲೆ ಮಲಗಿಸಿ, ಸೆರಗು ಸರಿಮಾಡಿಕೊಂಡಳು.

"ಎರಡು ವರ್ಷ ಆ ಸ್ಟೇಷನ್‌ನಾಗ ಓಡ್ಯಾಡೀನಿ ಅಕ್ಕಾ. ಅಲ್ಲಿ ನಾ ಕುಂತಿದ್ದು ಅವತ್ತ ಒಂದ ದಿನ."