ಹಿಂದಿನ ಗಾಜಿನ ಆರ್ಡರ್

ಬಜೆಟ್ಟಿನಲ್ಲಿ ಹತ್ತೊಂಬತ್ತು ಬಾಬ್ತುಗಳಿದ್ದವು. ನೀರು ಚಿಮ್ಮುವ ಪಂಪು, ಧೂಳೆಳೆಯುವ ಮೆಷೀನು, ಪೈಪು, ಶಾಂಪೂ, ಒರೆಸುವ ಬಟ್ಟೆ ನಲವತ್ತು, ಬಾಡಿಗೆ ವ್ಯಾನಿನ ಮುಂಗಡ, ಡೀಸೆಲ್, ಕರಪತ್ರ. ಕೊನೆಯಲ್ಲಿ ನಲ್ಲಿಯ ವಾಷರ್, ಎರಡು. ಪಟ್ಟಿರಾಯ ಏನನ್ನೂ ಬಿಟ್ಟಿರಲಿಲ್ಲ. ಹೆಂಡತಿ ತಿಂಡಿಯ ತಟ್ಟೆ ಇಡುತ್ತ ಪುಸ್ತಕದ ಮೇಲೊಮ್ಮೆ ಕಣ್ಣಾಡಿಸಿದಳು.

“ಎಲ್ಲಾ ಇದೆ. ಗಿರಾಕಿ ಎಲ್ರೀ?”

ಅವನು ಪೆನ್ಸಿಲ್ ತೆಗೆದು ಇಪ್ಪತ್ತನೆಯ ಬಾಬ್ತು ಬರೆದ: ಮೊದಲ ಗಿರಾಕಿ. ಎದುರಿಗೆ ಬರೆಯಲು ಏನೂ ತೋಚಲಿಲ್ಲ. ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಆ ಖಾಲಿ ಜಾಗದಿಂದ.

ಪಟ್ಟಿರಾಯ ಎಂಬುದು ಅಡ್ಡಹೆಸರು. ಹೆಂಚಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಸ್ಟೋರ್ ಕೀಪರ್ ಆಗಿದ್ದ. ಕಾರ್ಖಾನೆ ಮುಚ್ಚಿದ ದಿನವೂ ಬಾಗಿಲು ಎಷ್ಟು, ಬೀಗ ಎಷ್ಟು ಎಂದು ಪಟ್ಟಿ ಮಾಡಿಯೇ ಹೊರಗೆ ಬಂದಿದ್ದ. ಐದು ತಿಂಗಳ ಹಿಂದೆ, ಬಾಡಿಗೆ ಕಡಿಮೆ ಎಂದು ಈ ನಾಲ್ಕು ಮಹಡಿಯ ಕಟ್ಟಡಕ್ಕೆ ಬಂದಿದ್ದ. ಈಗ, ಜನರ ಮನೆ ಬಾಗಿಲಿಗೇ ಹೋಗಿ ಕಾರು ತೊಳೆದುಕೊಡುವ ವ್ಯಾಪಾರ ಹಿಡಿಯಬೇಕೆಂದಿದ್ದ. ಬೇಕಾದದ್ದು ಒಂದು ಲಕ್ಷ ಹತ್ತು ಸಾವಿರ. ಕೈಯಲ್ಲಿದ್ದದ್ದು ಎಪ್ಪತ್ತು. ಉಳಿದ ನಲವತ್ತು ಸಾವಿರ ಕೊಡಲು ಹೆಂಡತಿಯ ಅಣ್ಣ ಒಪ್ಪಿದ್ದರು. ಒಂದು ಷರತ್ತಿನ ಮೇಲೆ.

“ಶನಿವಾರ ಸಂಜೆ ಐದಕ್ಕೆ ಬರ್ತೀನಿ. ಅಷ್ಟರೊಳಗೆ ಒಬ್ಬನೇ ಒಬ್ಬ ಗಿರಾಕಿ ನಿನ್ನ ಕೈಗೆ ದುಡ್ಡಿಟ್ಟಿರಬೇಕು. ಇಲ್ಲಾಂದ್ರೆ ಮಾರನೇ ಬೆಳಿಗ್ಗೆ ಎಂಟಕ್ಕೆ ನನ್ನ ಗೋದಾಮಿಗೆ ಬಂದು ಮೂಟೆ ಎಣಿಸು.”

ಭಾವನ ಗೋದಾಮಿನಲ್ಲಿ ಕಿಟಕಿಯಿಲ್ಲ. ಭಾವ ಇದ್ದಾರೆ.

ಇವತ್ತು ಶನಿವಾರ. ಪಂಪನ್ನೂ ಧೂಳೆಳೆಯುವ ಮೆಷೀನನ್ನೂ ಒಂದೇ ದಿನದ ಮಟ್ಟಿಗೆ ಬಾಡಿಗೆಗೆ ತಂದಿದ್ದ. ಆರು ಗಂಟೆಗೆ ಹಿಂದಿರುಗಿಸಬೇಕು. ಒಂಬತ್ತೂವರೆಗೆ ಎರಡನ್ನೂ ತಳ್ಳಿಕೊಂಡು ಕಟ್ಟಡದ ನೆಲಮಾಳಿಗೆಗೆ ಇಳಿದ. ಅಲ್ಲಿ ಹನ್ನೊಂದು ಕಾರುಗಳಿದ್ದವು. ಒಂದೇ ಒಂದು ಟ್ಯೂಬ್‌ಲೈಟ್, ಗುರುತು ಸಿಗದವರನ್ನು ಕಂಡ ಮುದುಕನ ಹಾಗೆ ಕಣ್ಣು ಮಿಟುಕಿಸುತ್ತಿತ್ತು. ತಂಪು. ಎಲ್ಲೋ ಒಂದು ಕಡೆ ನೀರು ತೊಟ್ಟಿಕ್ಕುತ್ತಿತ್ತು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ.

ಆ ಕಟ್ಟಡದಲ್ಲೊಂದು ಪದ್ಧತಿ ಇತ್ತು. ಗೋಡೆಗೆ, ಕಂಬಕ್ಕೆ, ಲಿಫ್ಟಿಗೆ ಯಾವ ಚೀಟಿಯನ್ನೂ ಅಂಟಿಸಕೂಡದೆಂದು ಸಂಘದ ಸೆಕ್ರೆಟರಿ ಕಟ್ಟಪ್ಪಣೆ ಮಾಡಿದ್ದರು. ಅದಕ್ಕೇ ಜನ ಹೇಳಬೇಕಾದ್ದನ್ನು ಕಾರಿನ ಧೂಳಿನ ಮೇಲೆ ಬೆರಳಲ್ಲಿ ಬರೆಯುತ್ತಿದ್ದರು. ‘ಸ್ವಲ್ಪ ಎಡಕ್ಕೆ ನಿಲ್ಲಿಸಿ.’ ‘ಮಾರುವುದಿದ್ದರೆ ತಿಳಿಸಿ.’ ‘ನೀರಿನ ಬಿಲ್ಲು ಬಾಕಿ.’ ಓದಿದವರು ಉತ್ತರವನ್ನು ಅದರ ಕೆಳಗೇ ಬರೆಯುತ್ತಿದ್ದರು. ಸೆಕ್ರೆಟರಿಯೂ ಹಾಗೇ ಮಾಡುತ್ತಿದ್ದರು.

ತುದಿಯ ಕಂಬದ ಪಕ್ಕದಲ್ಲಿ ಒಂದು ಕಾರು. ಅದರ ಬಣ್ಣ ಯಾವುದೆಂದು ಹೇಳಲಾಗದಷ್ಟು ಧೂಳು. ಅದರ ಹಿಂದಿನ ಗಾಜಿನ ಮೇಲೆ ದುಂಡು ಅಕ್ಷರದಲ್ಲಿ, ‘ತೊಳೀರಿ’. ಅದರ ಕೆಳಗೆ ಎಡಕ್ಕೆ ವಾಲಿದ ಅಕ್ಷರದಲ್ಲಿ, ‘ನಾಳೆ’.

ಪಟ್ಟಿರಾಯನಿಗೆ ಕಾರಿನ ಮೇಲೆ ಬಿದ್ದು ಮುತ್ತಿಡುವಷ್ಟು ಸಂತೋಷವಾಯಿತು. ತಾನು ಕಾರು ತೊಳೆಯುವ ವ್ಯಾಪಾರ ಮಾಡುತ್ತೇನೆಂದು ನಿನ್ನೆ ತಾನೇ ಎಲ್ಲ ಮನೆಗೂ ಹೇಳಿ ಬಂದಿದ್ದ. ಮೂರನೇ ಮಹಡಿಯ ಒಂದು ಮನೆಯಲ್ಲಿ ಮಾತ್ರ ಬಾಗಿಲು ತೆರೆದಿರಲಿಲ್ಲ. ಪಕ್ಕದವರು ಹೇಳಿರಬೇಕು, ಅವರು ನಿನ್ನೆ ರಾತ್ರಿಯೇ ಆರ್ಡರ್ ಬರೆದುಹೋಗಿರಬೇಕು. ನಿನ್ನೆಯ ನಾಳೆ ಎಂದರೆ ಇವತ್ತು.

ಅಕ್ಷರಗಳ ಒಳಗೂ ತೆಳುವಾಗಿ ಧೂಳು ಕೂತಿತ್ತು. ಹದಿನೇಳು ವರ್ಷ ಸ್ಟೋರ್ ಕೀಪರ್ ಆಗಿದ್ದವನು ಅದನ್ನು ಗಮನಿಸಬೇಕಿತ್ತು.

“ಯಾರದಿದು?” ಎಂದು ಅಲ್ಲಿಗೆ ಬಂದ ಸೆಕ್ರೆಟರಿಯನ್ನು ಕೇಳಿದ.

“ಮೂರನೇ ಮಹಡಿ, ಲೈಬ್ರರಿ ಮೇಡಂದು. ತೊಳೀರಿ, ತೊಳೀರಿ, ನೆಲಮಾಳಿಗೆಗೆ ಒಂದು ಮರ್ಯಾದೆ ಬರ್ಲಿ. ಆದ್ರೆ ನೀರು ಎರಡೇ ಬಕೆಟ್. ಮೂರನೇದಕ್ಕೆ ದಂಡ ಬೀಳುತ್ತೆ.”

ಎರಡು ಬಕೆಟ್ಟಿಗೆ ಪಂಪು ಒಂದು ಸಲ ಕೆಮ್ಮುತ್ತದೆ, ಅಷ್ಟೆ. ಅವನು ಪಂಪನ್ನು ಮೂಲೆಗಿಟ್ಟು, ಮೊದಲು ಧೂಳನ್ನೆಲ್ಲ ಒಣಗಿದ್ದ ಹಾಗೆಯೇ ಮೆಷೀನಿನಿಂದ ಎಳೆದ. ಮೆಷೀನಿನ ಚೀಲ ಬಸುರಿಯ ಹಾಗೆ ಉಬ್ಬಿತು. ಧೂಳಿನ ಒಳಗಿನಿಂದ ಒಂದು ನೀಲಿ ಕಾರು ಹೊರಬಂತು.

ಬಾಗಿಲಿಗೆ ಬೀಗ ಹಾಕಿರಲಿಲ್ಲ. ಒಳಗೆ ಗುಡಿಸಲೆಂದು ಡ್ರೈವರ್ ಸೀಟಿನ ಮೇಲೆ ಕೈಯೂರಿದವನು ಕೈ ಹಿಂದಕ್ಕೆಳೆದುಕೊಂಡ. ಸೀಟು ಬೆಚ್ಚಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಯಾರೋ ಎದ್ದುಹೋದ ಕುರ್ಚಿಯ ಹಾಗೆ. ಬಿಸಿಲು ಎಂದೂ ಬಾರದ ಜಾಗ ಅದು. ಇಂಜಿನ್ನಿನ ಬಿಸಿ ಇರಬಹುದೆಂದು ಬಾನೆಟ್ ಮುಟ್ಟಿ ನೋಡಿದ. ತಣ್ಣಗಿತ್ತು.

‘ಮೆಷೀನಿನ ಗಾಳಿ ಬಿಸಿಯಿರಬೇಕು’ ಎಂದುಕೊಂಡು ಬೇಗಬೇಗ ಗುಡಿಸಿ, ಹಿಂದಿನ ಗಾಜಿಗೆ ಶಾಂಪೂ ಹಚ್ಚಿ ಫಳಫಳ ಒರೆಸಿದ. ಗಾಜು ಒಣಗಿತು. ಒಣಗಿದ ಗಾಜಿನ ಮೇಲೆ, ಎಡಕ್ಕೆ ವಾಲಿಕೊಂಡು, ‘ನಾಳೆ’ ಎಂದಿತ್ತು.

ಮತ್ತೆ ಒರೆಸಿದ. ಮತ್ತೆ ಬಂತು. ಮೂರನೇ ಸಲ ಉಗುರಿನಲ್ಲಿ ಕೆರೆದ. ಮೇಲಿನ ಪದ ಸುಳಿವಿಲ್ಲದೆ ಹೋಗಿತ್ತು. ಕೆಳಗಿನದು ಮಾತ್ರ, ಕೂತ ಜಾಗ ಬಿಡದ ನೆಂಟನ ಹಾಗೆ ಕೂತೇ ಇತ್ತು.

“ಹೋಗಲ್ಲಪ್ಪ ಅದು.”

ಪಟ್ಟಿರಾಯನ ಕೈಯಿಂದ ಬಟ್ಟೆ ಬಿತ್ತು. ಕಂಬದ ಹಿಂದೆ ರಿಟೈರಾದ ಮೇಷ್ಟ್ರು ನಿಂತಿದ್ದರು. ಅವರು ದಿನಾ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಇಪ್ಪತ್ತು ಸುತ್ತು ನಡೆಯುತ್ತಾರೆ, ರಬ್ಬರ್ ಚಪ್ಪಲಿಯಲ್ಲಿ, ಸದ್ದಿಲ್ಲದೆ.

“ಯಾಕೆ ಸಾರ್ ಹೋಗಲ್ಲ?”

“ಬರೆದೋನು ಹೋಗಿ ಹದಿನಾಲ್ಕು ತಿಂಗಳಾಯ್ತಲ್ಲ. ಇನ್ನು ಅದನ್ನ ಯಾರು ಹೋಗು ಅನ್ಬೇಕು?” ಮೇಷ್ಟ್ರು ಪಾಠ ಹೇಳುವ ಧಾಟಿಯಲ್ಲಿ ಹೇಳಿದರು. “ಕಾರು ತೊಳೀರಿ ಅಂತ ಹೆಂಡ್ತಿ ಬರೆದಳು. ನಾಳೆ ಅಂತ ಗಂಡ ಬರೆದ. ಬರೆದು ಮೇಲೆ ಹೋಗಿ ಮಲಗಿದ. ನಾಳೆ ಬಂತು, ಅವನು ಏಳ್ಲಿಲ್ಲ. ಅವತ್ತಿಂದ ಆಕೆ ಆ ಕಾರಿನ ಧೂಳಿಗೆ ಯಾರೂ ಕೈ ಹಚ್ಚಕ್ಕೆ ಬಿಟ್ಟಿಲ್ಲ.”

ಪಟ್ಟಿರಾಯ ಸೆಕ್ರೆಟರಿಯತ್ತ ನೋಡಿದ. ಸೆಕ್ರೆಟರಿ ಬಕೆಟ್ ಎಣಿಸುತ್ತಿದ್ದರು.

“ನೀವು ತೊಳೀರಿ ಅಂದ್ರಲ್ಲ ಸಾರ್!”

“ನಾನು ನೀರಿನ ವಿಷಯ ಮಾತ್ರ ಹೇಳಿದ್ದು.”

ಅಲ್ಲಿಂದ ಮಧ್ಯಾಹ್ನದವರೆಗೆ ಪಟ್ಟಿರಾಯ ಬೇರೆ ಹತ್ತು ಕಾರುಗಳ ಮನೆಗೂ ಹತ್ತಿಳಿದ. ಸುದ್ದಿ ಅವನಿಗಿಂತ ಮೊದಲೇ ಹತ್ತಿತ್ತು. “ನಮ್ದು ಬೇಡಪ್ಪ, ನೀವು ಮುಟ್ಟಿದ ಕೈ...” ಎಂದು ಒಬ್ಬರು. “ಸೀಟು ಬೆಚ್ಚಗಿತ್ತಂತೆ?” ಎಂದು ಇನ್ನೊಬ್ಬರು. ಅದನ್ನು ಅವನು ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ನಾಲ್ಕು ಗಂಟೆಗೆ ಲೈಬ್ರರಿ ಮೇಡಂ ಕೆಲಸದಿಂದ ಬಂದರು. ಮೂವತ್ತರ ಆಸುಪಾಸು. ತೋಳಿನಲ್ಲಿ ಬಟ್ಟೆಯ ಚೀಲ. ಅಷ್ಟರಲ್ಲಿ ನೆಲಮಾಳಿಗೆಯಲ್ಲಿ ಅರ್ಧ ಕಟ್ಟಡವೇ ಸೇರಿತ್ತು. ಅಳುತ್ತಾರೆಂದು ಕೆಲವರು ಕರ್ಚೀಫು ಸಹ ತಂದಿದ್ದರು. ಮೇಡಂ ಅಳಲಿಲ್ಲ. ಕಾರಿಗೆ ಒಂದು ಸುತ್ತು ಬಂದು ನಿಂತರು.

“ಧೂಳು ಎಲ್ಲಿ?”

“ಮೆ... ಮೆಷೀನಿನ ಚೀಲದಲ್ಲಿದೆ ಮೇಡಂ.”

“ವಾಪಸ್ ಹಾಕಿ.”

“ಅಂದ್ರೆ?”

“ಇದ್ದ ಹಾಗೆ ಹಾಕಿ. ದಿನವಿಡೀ ಲೈಬ್ರರಿಯಲ್ಲಿ ಧೂಳು ಒರೆಸೋದೇ ನನ್ನ ಕೆಲಸ. ಇದೊಂದನ್ನ ಬಿಟ್ಟಿದ್ದೆ.” ಧ್ವನಿ ಏರಲಿಲ್ಲ. “ಎಷ್ಟಾಗುತ್ತೆ ಹೇಳಿ. ಕೊಡ್ತೀನಿ.”

ಪಟ್ಟಿರಾಯನ ಇಪ್ಪತ್ತು ಬಾಬ್ತುಗಳಲ್ಲಿ ಧೂಳು ಹಾಕುವ ದರ ಇರಲಿಲ್ಲ. ಆದರೆ ‘ಕೊಡ್ತೀನಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಬೆನ್ನು ನೆಟ್ಟಗಾಯಿತು. ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು.

“ತೊಳೆಯೋ ದರಾನೇ, ಮೇಡಂ. ಆರುನೂರು.”

ಹೆಂಡತಿ ಹಿಟ್ಟಿನ ಜರಡಿ ತಂದುಕೊಟ್ಟಳು. ಅವನು ಚೀಲ ಬಿಚ್ಚಿ, ಜರಡಿ ಹಿಡಿದು, ಬಾನೆಟ್ಟಿನ ಮೇಲೆ ಧೂಳು ಉದುರಿಸತೊಡಗಿದ. ಕಟ್ಟಡಕ್ಕೆ ಕೆಲಸ ಸಿಕ್ಕಿತು.

“ಬಲಗಡೆ ತೆಳುವಾಯ್ತು ನೋಡಪ್ಪ,” ಎಂದರು ಮೇಷ್ಟ್ರು. “ನೈಸರ್ಗಿಕವಾಗಿರ್ಬೇಕು.”

“ಚಕ್ರಕ್ಕೆ ಮೆತ್ತಿ!”

“ಸೀನಬೇಡ್ರೀ, ಮುನ್ನೂರು ರೂಪಾಯಿದು ಹಾರ್ಹೋಗುತ್ತೆ!”

ಛಾವಣಿ ಮುಗಿಯುವಷ್ಟರಲ್ಲಿ ಧೂಳು ಸಾಲದೆ ಬಂತು. ಆಗ ನೆರೆಹೊರೆಯವರ ಧಾರಾಳ ನೋಡಬೇಕು. ಒಬ್ಬರು ಆರು ತಿಂಗಳಿಂದ ಒರೆಸದ ಫ್ಯಾನಿನ ರೆಕ್ಕೆಯನ್ನೇ ಬಿಚ್ಚಿ ತಂದರು. ಮೇಷ್ಟ್ರು ಹಳೆಯ ನಿಘಂಟು ತಂದು ತಟ್ಟಿದರು. ಸೆಕ್ರೆಟರಿ ಸಂಘದ ಕಡತಗಳ ಕಪಾಟು ತೆರೆಸಿದರು. ಎಲ್ಲಕ್ಕಿಂತ ಹೆಚ್ಚು ಧೂಳು ಬಂದದ್ದು ಅಲ್ಲಿಂದ.

“ಹಿಂದಿನ ಗಾಜಿಗೆ ಮಾತ್ರ ಬೇರೆಯವರದು ಬೇಡ,” ಎಂದರು ಮೇಡಂ. ಪಟ್ಟಿರಾಯ ಚೀಲದ ತಳ ಕೊಡವಿ, ಕಾರಿನದೇ ಒಂದು ಹಿಡಿ ಧೂಳನ್ನು ಅದಕ್ಕೆಂದು ಎತ್ತಿಟ್ಟ.

ಸಲುಗೆ ಬಂದ ಹಾಗಾಗಿ, ಬೆಳಿಗ್ಗೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಕೇಳಿದ. “ಮೇಡಂ, ನೀವು ಕಾರೊಳಗೆ ಬಂದು ಕೂರೋದುಂಟಾ?”

“ದಿನಾ. ಕೆಲಸಕ್ಕೆ ಹೋಗೋ ಮುಂಚೆ ಹತ್ತು ನಿಮಿಷ. ಒಂಬತ್ತೂಕಾಲಿಗೆ.”

ಪಟ್ಟಿರಾಯ ಉಸಿರು ಬಿಟ್ಟ. ಹತ್ತಿರವಿದ್ದ ನಾಲ್ಕೈದು ಜನವೂ ಬಿಟ್ಟರು. “ಅದಕ್ಕೇ! ಡ್ರೈವರ್ ಸೀಟು ಬೆಚ್ಚಗಿತ್ತು. ನಾನು ಏನೇನೋ ಅಂದ್ಕೊಂಡೆ.”

“ನಾನು ಕೂರೋದು ಪಕ್ಕದ ಸೀಟಲ್ಲಿ,” ಎಂದರು ಮೇಡಂ.

ಟ್ಯೂಬ್‌ಲೈಟ್ ಮಿಟುಕಿತು. ಯಾರೂ ಸೀನಲಿಲ್ಲ.

ಐದಕ್ಕೆ ಸರಿಯಾಗಿ ಭಾವ ಇಳಿದು ಬಂದರು. ಅಂಗಿಯ ಜೇಬಿನಲ್ಲಿ ಉಬ್ಬಿದ ಲಕೋಟೆ. ತೊಳೆಯುವ ವ್ಯಾಪಾರಕ್ಕೆ ಸಾಲ ಬೇಡಿದ ಮೈದುನ, ತಲೆಯಿಂದ ಕಾಲಿನವರೆಗೆ ಬೂದಿ ಬಣ್ಣವಾಗಿ, ಕಾರಿನ ಮೇಲೆ ಧೂಳನ್ನು ಜರಡಿ ಹಿಡಿಯುತ್ತಿದ್ದ.

“ಏನಯ್ಯಾ ಇದು?”

“ಗಿರಾಕಿ ಭಾವ! ಮೊದಲ್ನೇ ಗಿರಾಕಿ! ಆರುನೂರು!”

ಭಾವ ಕಾರನ್ನೂ ಜರಡಿಯನ್ನೂ ತಂಗಿಯನ್ನೂ ನೋಡಿದರು. ವ್ಯಾಪಾರ ಬಲ್ಲ ಮನುಷ್ಯ. “ಯಾವ ಕೆಲಸ ಅಂತ ನಾನು ಹೇಳಿರ್ಲಿಲ್ಲ. ದುಡ್ಡು ಕೈಗೆ ಬರ್ಲಿ, ಲಕೋಟೆ ನಿಂದು,” ಎಂದರು.

ಉಳಿದದ್ದು ಹಿಂದಿನ ಗಾಜು. ಪಟ್ಟಿರಾಯ ಎತ್ತಿಟ್ಟಿದ್ದ ಹಿಡಿ ಧೂಳನ್ನು ಅದರ ಮೇಲೆ ಉಸಿರು ಹಿಡಿದು ಉದುರಿಸಿದ. ಗಾಜು ಪೂರ್ತಿ ಮುಚ್ಚಿತು. ಮೇಡಂ ಮುಂದೆ ಬಂದು ತಮ್ಮ ದುಂಡು ಅಕ್ಷರದಲ್ಲಿ ‘ತೊಳೀರಿ’ ಎಂದು ಬರೆದರು. ಕೆಳಗಿನ ಜಾಗದ ಮುಂದೆ ಬೆರಳು ನಿಂತಿತು. ಅದನ್ನು ಬರೆಯಬೇಕಾದವರು ಯಾರೂ ಅಲ್ಲಿರಲಿಲ್ಲ. ಸೆಕ್ರೆಟರಿ ಕೂಡ ತಲೆ ತಗ್ಗಿಸಿದರು.

ಮೇಡಂ ಬೆರಳು ಒರೆಸಿಕೊಂಡು ಚೀಲದಿಂದ ಪರ್ಸು ತೆಗೆದರು. ಮೂರು ನೋಟು ಹೊರಗೆ ಬಂದವು. ಪಟ್ಟಿರಾಯ ಕೈ ಚಾಚಿದ. ಭಾವನ ಕೈ ಜೇಬಿಗೆ ಹೋಯಿತು.

ಆಗ ಗಾಜಿನ ಮೇಲಿನ ಧೂಳು ಸಣ್ಣಗೆ ಜಾರಿತು. ಗಾಳಿ ಇರಲಿಲ್ಲ. ಮೊದಲು ಒಂದು ಗೀಟು, ಆಮೇಲೆ ಒಂದು ಸುತ್ತು. ಎಡಕ್ಕೆ ವಾಲಿಕೊಂಡು, ಅವಸರವಿಲ್ಲದೆ, ಎಲ್ಲರೂ ನೋಡುತ್ತಿದ್ದ ಹಾಗೆಯೇ: ‘ನಾಳೆ’.

ಯಾರೋ ಕಪಾಟಿನ ಕಡತ ಕೈಬಿಟ್ಟರು. ಮೇಷ್ಟ್ರು ಮೊದಲ ಸಲ ಚಪ್ಪಲಿ ಸದ್ದು ಮಾಡಿಕೊಂಡು ಹಿಂದೆ ಸರಿದರು. ಮೇಡಂ ಅದನ್ನು ಓದಿದರು. ಎರಡು ಸಲ ಓದಿದರು. ನೋಟುಗಳನ್ನು ಮಡಚಿ ಪರ್ಸಿನಲ್ಲಿಟ್ಟು, ಪರ್ಸನ್ನು ಚೀಲದಲ್ಲಿಟ್ಟರು.

“ಮೇಡಂ...” ಪಟ್ಟಿರಾಯನ ಕೈ ಇನ್ನೂ ಚಾಚಿಯೇ ಇತ್ತು.

“ದುಡ್ಡಿನ ವಿಷಯ ಯಾವಾಗಲೂ ಅವರೇ ನೋಡಿಕೊಳ್ತಿದ್ದರು,” ಎಂದರು. ಹದಿನಾಲ್ಕು ತಿಂಗಳಲ್ಲಿ ಅವರು ನಕ್ಕದ್ದನ್ನು ಕಟ್ಟಡದಲ್ಲಿ ಯಾರೂ ನೋಡಿರಲಿಲ್ಲ. ಈಗ ನೋಡಿದರು. “ನಾಳೆ ಅಂದಿದ್ದಾರೆ.”

ಲಿಫ್ಟಿನ ಬಾಗಿಲು ಮುಚ್ಚಿತು. ಭಾವ ಖಾಲಿ ಕೈಯನ್ನು ಜೇಬಿನಿಂದ ಹೊರಗೆ ತೆಗೆದರು.

“ಎಂಟಕ್ಕೆ,” ಎಂದರು. “ತಡ ಮಾಡ್ಬೇಡ.”

ಮಾರನೇ ಬೆಳಿಗ್ಗೆ ಗೋದಾಮಿಗೆ ಹೊರಟ ಪಟ್ಟಿರಾಯ, ಆರುನೂರಾದರೂ ಕೈಗೆ ಬರಬಹುದೆಂಬ ಆಸೆಯಿಂದ, ನೆಲಮಾಳಿಗೆಗೆ ಇಳಿದು ಹಿಂದಿನ ಗಾಜು ನೋಡಿದ.

ನಾಳೆ ಎಂದಿತ್ತು.