ನಮ್ಮತ್ತೆ ಮತ್ತು ಕಣ್ಣಿಗೆ ಕಾಣದ ಬೆಳ್ಳಿ

ನಮ್ಮತ್ತೆಗೆ ಕಣ್ಣಿಗೆ ಕಾಣುವ ಯಾವ ವಸ್ತುವಿನ ಮೇಲೂ ಒಂಚೂರು ಆಸಕ್ತಿಯಿಲ್ಲ! ತೀರ್ಥಹಳ್ಳಿ ಪೇಟೆಯಲ್ಲಿ ಎದುರಿಗೇ ಸಿಕ್ಕಿದರೂ ನನ್ನನ್ನು ನೋಡದೆ ದಾಟಿ ಹೋಗುತ್ತಾರೆ. ಆದರೆ ಕೂದಲೆಳೆಯನ್ನು ಸಾವಿರಾರು ಸಲ ಸೀಳಿದರೆ ಸಿಗುವಷ್ಟು ಸಣ್ಣ ಬೆಳ್ಳಿಯ ಕಣ ಇದೆಯಲ್ಲ, ಅದರ ಯೋಗಕ್ಷೇಮ ಮಾತ್ರ ದಿನಾ ವಿಚಾರಿಸಬೇಕು. ಅಪ್ಪನ ಅಕ್ಕನಾದ ಇವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಉಳಿದ ಹೊತ್ತಿನಲ್ಲಿ ಸೊಪ್ಪಿನ ರಸಕ್ಕೆ ಬೆಳ್ಳಿಯ ಲವಣ ಬೆರೆಸಿ ನ್ಯಾನೋ ಕಣ ಮಾಡುತ್ತಾರೆ. ಮಾಯದ ಗಾಯಕ್ಕೊಂದು ಮುಲಾಮು ಕಂಡುಹಿಡಿಯಬೇಕೆಂಬುದು ಅವರ ಹಟ. ಮಾದರಿಗಳು ಪೋಲೆಂಡಿನ ಒಂದು ಪ್ರಯೋಗಾಲಯಕ್ಕೆ ಹೋಗುತ್ತವೆ. ಅಲ್ಲಿನ ಮೇಡಂ ಪರೀಕ್ಷಿಸಿ, ಜಾತಕ ನೋಡಿದವರ ಹಾಗೆ ವಿಡಿಯೋ ಕಾಲಿನಲ್ಲಿ ಫಲ ಹೇಳುತ್ತಾರೆ.

ಸೊಪ್ಪು ಎಲ್ಲಿಂದ ಬರಬೇಕು? ಸಾಗರ, ಹೊಸನಗರ, ಕೋಣಂದೂರು, ಎಲ್ಲೆಲ್ಲಿ ನೆಂಟರಿದ್ದಾರೋ ಅಲ್ಲಿಂದ! ಹೊಸನಗರದ ಮದುವೆಯೊಂದರಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ, ಇವರು ಬಾವಿಕಟ್ಟೆಯ ಹಿಂದೆ ಒಂದೆಲಗ ಕೀಳುತ್ತಿದ್ದರು. ರೇಷ್ಮೆ ಸೀರೆಯ ಸೆರಗಿನಲ್ಲಿ ಕಟ್ಟಿ ತಂದು, ತಮ್ಮ ಫ್ರಿಜ್ಜಿನಲ್ಲಿ ಜಾಗವಿಲ್ಲವೆಂದು ನಮ್ಮದರಲ್ಲಿ ತುರುಕಿ ಹೋದರು.

ಮಾರನೆಯ ದಿನ ಅತ್ತೆ ನಮ್ಮಲ್ಲೇ ಊಟಕ್ಕೆ ಕೂತರು. ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡ ಮೇಲೆ ಕೇಳಿದರು, “ಸೊಪ್ಪು ಎಲ್ಲಿ ಸಿಕ್ತೇ?”

“ನೀವೇ ಇಟ್ಟಿದ್ರಲ್ಲ ಅತ್ತಿಗೆ, ಫ್ರಿಜ್ಜಲ್ಲಿ. ಬಾಡಿ ಹೋಗ್ತಿತ್ತು, ರುಬ್ಬಿಬಿಟ್ಟೆ” ಅಂದಳು ಅಮ್ಮ.

ತುತ್ತು ಬಾಯಿಯ ಹತ್ತಿರವೇ ನಿಂತಿತು. ಅತ್ತೆಗೆ ಸುಳ್ಳು ಬರುವುದಿಲ್ಲ ನೋಡಿ! ಸೊಪ್ಪು ತಿಂದುಬಿಟ್ಟೆವೆಂದು ಪೋಲೆಂಡಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಮೇಡಂ ರುಚಿ ಹೇಗಿತ್ತೆಂದು ವಿಚಾರಿಸಿದರಂತೆ. ಈಗ ಅಲ್ಲಿಯೂ ಪಾಲಕ್ ಸೊಪ್ಪಿನ ತಂಬುಳಿಯಾಗುತ್ತಿದೆ. ಎರಡು ದೇಶಗಳ ವೈಜ್ಞಾನಿಕ ಸಹಯೋಗಕ್ಕೆ ಇನ್ನೇನು ಬೇಕು ಹೇಳಿ?

ಮುಲಾಮಿನ ಹಟದ ಮೂಲ ಮಾತ್ರ ಅತ್ತೆಯ ಮನೆಯಲ್ಲೇ ಇತ್ತು. ಮಾವನಿಗೆ ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಿನಲ್ಲಿ ಮಾಯದ ಹುಣ್ಣು. ಡಾಕ್ಟರು ಕೊಟ್ಟ ಔಷಧಿಯಿಂದ ಅತ್ತೆಯೇ ದಿನಾ ತೊಳೆದು ಕಟ್ಟುತ್ತಿದ್ದರು.

“ನಿನ್ನ ಮುಲಾಮನ್ನೇ ಒಂಚೂರು ಹಚ್ಚೇ” ಅನ್ನುತ್ತಿದ್ದರು ಮಾವ.

“ಇನ್ನೂ ಇಲಿಗೇ ಹಚ್ಚಿ ನೋಡಿಲ್ಲ, ನಿಮಗೆ ಹಚ್ಚೋಕಾಗತ್ತಾ?”

“ಎಂತ ಮಾರಾಯ್ತಿ, ಕಟ್ಕೊಂಡ ಗಂಡನಿಗಿಂತ ಇಲಿಗೇ ಮೊದಲ ಮರ್ಯಾದೆಯಾ?”

“ಹೌದು. ಇಲಿ ನಿಮ್ಮ ಹಾಗೆ ಕದ್ದು ಜಿಲೇಬಿ ತಿನ್ನಲ್ಲ.”

ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಹುಣ್ಣು ಯಾರ ಮಾತೂ ಕೇಳಲಿಲ್ಲ. ಹೋದ ತಿಂಗಳು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಾವನ ಹೆಬ್ಬೆರಳು ತೆಗೆದರು. ಆಪರೇಷನ್ ಮುಗಿಯುವವರೆಗೂ ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದರು.

ವಾರ್ಡಿಗೆ ತಂದ ಮೇಲೆ ಅತ್ತೆ ಮಾವನ ಪಕ್ಕ ಕೂತು ಮೆಲ್ಲಗೆ ಅಂದರು, “ಒಂದ್ಸಲ ಹಚ್ಚಿ ನೋಡಬಹುದಿತ್ತೇನೋ ಕಣ್ರೀ. ನಾನೇ ಬೆರಳು ಕಳೆದೆನಾ ಅನ್ನಿಸ್ತಿದೆ.”

ಮಾವ ಕಣ್ಣು ಬಿಟ್ಟರು. “ಹಚ್ಚಿದ ಮೇಲೆ ಬೆರಳು ಹೋಗಿದ್ರೆ, ನೀನು ಜನ್ಮದಲ್ಲಿ ಮತ್ತೆ ಆ ಕೆಲಸ ಮುಟ್ತಿರ್ಲಿಲ್ಲ. ನಂಗೊತ್ತಿಲ್ವಾ ನಿನ್ನ? ಬೆರಳು ಹೋದ್ರೆ ಹೋಗ್ಲಿ ಬಿಡು.”

ಅತ್ತೆ ಬ್ಯಾಂಡೇಜು ಸುತ್ತಿದ ಕಾಲಿನ ಮೇಲೆ ಹೊದಿಕೆ ಎಳೆದು, ಕೈಯನ್ನು ಅಲ್ಲೇ ಇಟ್ಟುಕೊಂಡು ಅತ್ತರು.