ಮೊದಲ ಸರದಿಯ ಚೆಂಡು

ಮಿಲೋ ಹ್ಯಾವ್ಲಿಕ್‌ನಿಗೆ ಆ ದಿನ ಗ್ರಹಚಾರ ವಕ್ಕರಿಸಿದ್ದು ಚೆಂಡು ತಡೆಯಲು ನಿಂತಿದ್ದ ಡೆಲ್ಬರ್ಟನ ಎರಡು ಕಾಲುಗಳ ನಡುವಿನಿಂದ. ಮೊದಲ ಸರದಿಯಲ್ಲಿ ಎದುರಾಳಿ ಹೊಡೆದ ಚೆಂಡು ಉರುಳಿಕೊಂಡು ಬಂದು ಅಲ್ಲಿಂದಲೇ ನುಸುಳಿ ಹೋಯಿತು. ಹೊಡೆದವನು ಓಡಿ ಮೊದಲ ಬೇಸ್ ಮುಟ್ಟಿ ಪ್ಯಾಂಟು ಕೊಡವಿಕೊಂಡ.

ಅಯೋವಾದ ಆ ಪುಟ್ಟ ಊರಿನ ಬೇಸ್‌ಬಾಲ್ ತಂಡಕ್ಕೆ ಮಿಲೋ ಅಧಿಕೃತ ಲೆಕ್ಕಿಗ. ವಾರವೆಲ್ಲ ಔಷಧದ ಅಂಗಡಿ, ಆಟದ ದಿನ ಗ್ಯಾಲರಿಯ ಮೇಲಿನ ಮರದ ಗೂಡು. ಬ್ಯಾಟು ಹಿಡಿದವನು ಸ್ವಂತ ಬಲದಿಂದ ಬೇಸ್ ಮುಟ್ಟಿದರೆ ಹಿಟ್. ಚೆಂಡು ತಡೆಯುವವನ ಎಡವಟ್ಟಿನಿಂದ ಮುಟ್ಟಿದರೆ ತಪ್ಪು. ಯಾವುದೆಂದು ತೀರ್ಪು ಕೊಡುವವನು ಮಿಲೋ ಒಬ್ಬನೇ.

ಬೇರೆ ಯಾರ ಕಾಲಾಗಿದ್ದರೂ ಅವನು ತಪ್ಪೆಂದೇ ಬರೆಯುತ್ತಿದ್ದ. ಆದರೆ ಡೆಲ್ಬರ್ಟ್ ಮಿಲೋನ ಹೆಂಡತಿ ವಿಲ್ಮಾಳ ಅಣ್ಣನ ಮಗ. ಎರಡು ವರ್ಷದಿಂದ ಇವರ ಮನೆಯಲ್ಲೇ ಠಿಕಾಣಿ ಹೂಡಿ, ಮಿಲೋನ ತಟ್ಟೆಗೂ ಕೈಹಾಕುವ ಪುಣ್ಯಾತ್ಮ. ಅವತ್ತು ಆಟಗಾರರನ್ನು ಆರಿಸಿಕೊಳ್ಳಲು ಚಿಕಾಗೋದ ದೊಡ್ಡ ತಂಡವೊಂದರ ಮನುಷ್ಯ ಬರುವವನಿದ್ದ. ಅವನ ರೈಲು ತಡವಾಗಿತ್ತು. ಮೊದಲ ಸರದಿ ಅವನಿಗೆ ಅಂಕಪಟ್ಟಿಯಲ್ಲಷ್ಟೇ ಕಾಣುವುದು. ಅವನು ಮೆಚ್ಚಿದರೆ ಡೆಲ್ಬರ್ಟ್ ಗಂಟುಮೂಟೆ ಕಟ್ಟುತ್ತಾನೆ. ಮಿಲೋ ದೇವರನ್ನು ನೆನೆದು ಹಿಟ್ ಎಂದು ಬರೆದ.

ಆರನೇ ಸರದಿಯ ಹೊತ್ತಿಗೆ ಕಬ್ಬಿಣದಂಗಡಿಯ ಗಸ್ ಏದುಸಿರು ಬಿಡುತ್ತ ಗೂಡಿಗೆ ಹತ್ತಿ ಬಂದ. ಒಂದು ಪೊಟ್ಟಣ ಕಡಲೆಕಾಯಿ ಇಟ್ಟು, "ಮಿಲೋ, ಕನ್ನಡಕ ಒಂಚೂರು ಒರೆಸ್ಕೊಳ್ಳಪ್ಪ" ಎಂದಷ್ಟೇ ಹೇಳಿ ಇಳಿದುಹೋದ. ಮಿಲೋ ಒರೆಸಿಕೊಂಡ. ಏನೂ ಹೊಸದಾಗಿ ಕಾಣಲಿಲ್ಲ.

ಆಮೇಲೆ ಪಕ್ಕದ ಮನೆಯ ಮಿಸೆಸ್ ಟಿಲ್ಸನ್ ಚೆರ್ರಿ ಪೈ ತಂದು ಕೊಟ್ಟು, ಮೊದಲ ಸರದಿ ನೆನಪಿದೆಯೇ ಎಂದು ಕೇಳಿದಳು. ಇದೆ ಎಂದರೆ, ಇನ್ನೊಮ್ಮೆ ನೆನಪು ಮಾಡಿಕೋ ಎಂದಳು. ಬೆನ್ನಿಗೇ ಬಂದ ಪಾದ್ರಿಗಳು ಪಶ್ಚಾತ್ತಾಪದ ಬಗ್ಗೆ ಒಂದಿಷ್ಟು ಮಾತಾಡಿ, ಅವನ ರಬ್ಬರನ್ನು ಮೃದುವಾಗಿ ಅವನ ಕಡೆಗೆ ತಳ್ಳಿದರು. ಏನು ಸಮಾಚಾರ ಎಂದು ಕೇಳಿದರೆ ಎಲ್ಲರೂ ತುಟಿಯ ಮೇಲೆ ಬೆರಳಿಡುವವರೇ. ಬೆಳಿಗ್ಗೆ ಯಾರಿಗಾದರೂ ಕೆಮ್ಮಿನ ಔಷಧದ ಬದಲು ಭೇದಿಯ ಔಷಧ ಕೊಟ್ಟೆನೇನೋ ಎಂದು ಮಿಲೋ ಬೆವರತೊಡಗಿದ.

ಎಂಟನೇ ಸರದಿಯಲ್ಲಿ ಅವನ ಕಣ್ಣು ಫಲಕದ ಮೇಲೆ ಬಿತ್ತು. ಎದುರಾಳಿಗಳ ಹಿಟ್: ಒಂದು. ಅದೊಂದು ಬಿಟ್ಟರೆ ಊರಿನ ಪಿಚರ್, ಎಂದರೆ ಚೆಂಡೆಸೆಯುವ ಕ್ಲೆಟಸ್, ಯಾರಿಗೂ ಹಿಟ್ ಬಿಟ್ಟುಕೊಟ್ಟಿರಲಿಲ್ಲ. ಅದು ತಪ್ಪೆಂದಾದರೆ ಊರಿನ ಚರಿತ್ರೆಯಲ್ಲೇ ಒಂದೂ ಹಿಟ್ ಇಲ್ಲದ ಮೊದಲ ಆಟ! ಅಂಥ ಆಟ ನಡೆಯುವಾಗ ಆ ಮಾತು ಯಾರೂ ಎತ್ತಬಾರದು, ಎತ್ತಿದರೆ ದೃಷ್ಟಿಯಾಗುತ್ತದೆ. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡದ್ದು ಅದಕ್ಕೇ.

ಆಟ ಮುಗಿಯಿತು, ಊರಿನ ತಂಡ ಗೆದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಡೀ ಗ್ಯಾಲರಿ ಕತ್ತು ತಿರುಗಿಸಿ ಗೂಡಿನ ಕಡೆ ನೋಡಿತು. ಮಿಲೋನಿಗೆ ಅತ್ತ ದರಿ, ಇತ್ತ ಪುಲಿ. ಕೊನೆಗೆ ರಬ್ಬರು ಎತ್ತಿಕೊಂಡ.

"ಮೊದಲ ಸರದಿಯದ್ದು ತಪ್ಪು," ಎಂದು ಮೈಕಿನಲ್ಲಿ ಹೇಳಿದ. "ಡೆಲ್ಬರ್ಟಂದು."

ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಮನೆಯಲ್ಲಿ ವಿಲ್ಮಾ ಪಾತ್ರೆಗಳನ್ನು ಕುಕ್ಕುತ್ತಿದ್ದಳು. "ಅಂಕಲ್, ಆ ಚಿಕಾಗೋದವ್ನು ನನ್ನ ಹೆಸರಿಗೆ ಗೀಟು ಎಳೆದ. ಮುಂದಿನ ವರ್ಷ ನೋಡೋಣ ಅಂದ" ಎಂದು ಡೆಲ್ಬರ್ಟ್ ಮಿಲೋನ ತಟ್ಟೆಯ ಮಾಂಸದ ತುಂಡನ್ನೂ ಎತ್ತಿಕೊಂಡ. ಹೋಗಲಿ, ಊರಾದರೂ ತನ್ನ ಕಡೆಗಿದೆಯಲ್ಲ ಎಂದು ಮಿಲೋ ಬರೀ ಆಲೂಗಡ್ಡೆ ತಿಂದ.

ಅಷ್ಟರಲ್ಲಿ ಊರೇ ಬಾಗಿಲು ಬಡಿಯಿತು. ಮುಂದೆ ಗಸ್, ಪಾದ್ರಿಗಳು, ಮಿಸೆಸ್ ಟಿಲ್ಸನ್. ಮೂವರ ಮುಖವೂ ಇಂಗು ತಿಂದ ಮಂಗನ ಹಾಗೆ. ಚರಿತ್ರೆ ಬರೆದ ಪಿಚರನನ್ನು ಚಿಕಾಗೋದವನು ನಿಂತ ನಿಲುವಿನಲ್ಲೇ ಕೊಂಡು, ರೈಲು ಹತ್ತಿಸಿಕೊಂಡು ಹೋಗಿದ್ದ. ನಾಳೆ ಫೈನಲ್. ಚೆಂಡು ಎಸೆಯಲು ಊರಲ್ಲಿ ಇನ್ನೊಬ್ಬನಿಲ್ಲ.

"ತೀರ್ಪು ಬದಲಾಯ್ಸೋಕೆ ನಿಂಗೆ ನಾಳೆ ತನಕ ಟೈಮಿದೆ ಅಲ್ವಾ?" ಎಂದ ಗಸ್. "ನಂಗ್ಯಾಕೋ ಅದು ಹಿಟ್ಟೇ ಅನ್ಸುತ್ತೆ. ಆ ಕನ್ನಡಕ ಕೊಡಿಲ್ಲಿ, ನಾನೇ ಒರೆಸ್ಕೊಡ್ತೀನಿ."

"ನಾನೂ ಅದನ್ನೇ ಬಡ್ಕೊಂಡೆ" ಎಂದಳು ಒಳಗಿನಿಂದ ವಿಲ್ಮಾ.

ಮಿಸೆಸ್ ಟಿಲ್ಸನ್ ಒಳಗೆ ಹೋಗಿ ತನ್ನ ಪೈ ತಟ್ಟೆಯನ್ನು ವಾಪಸು ತಂದಳು. ಅದನ್ನು ತೊಳೆಯುವ ಅಗತ್ಯವಿರಲಿಲ್ಲ. ಡೆಲ್ಬರ್ಟ್ ನೆಕ್ಕಿ ಇಟ್ಟಿದ್ದ.